ಮ್ಯಾಕ್ ಕಾಯಲಿ, ಫೋನ್ ಮೊದಲು: 2007ರ ಆಪಲ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಕಂಪ್ಯೂಟರ್ ಸಾಫ್ಟ್‌ವೇರಿಗೆ ಹೆಸರಾದ ಕಂಪನಿ ಜೇಬಿನಲ್ಲಿಡುವ ಸಾಧನಗಳ ಕಡೆ ಹೊರಳಿತು ಅನ್ನುವ ಮಾತು ಬಂದರೆ ಸಾಕು, ಅದು ಸುತ್ತಿ ಬಳಸಿ ಆಪಲ್‌ಗೇ, ಅದರಲ್ಲೂ 2007ನೇ ಇಸವಿಗೇ ಬಂದು ನಿಲ್ಲುತ್ತದೆ. ಮಾತುಕತೆಯಲ್ಲೂ ಪತ್ರಗಳಲ್ಲೂ ನನಗೆ ಮತ್ತೆ ಮತ್ತೆ ಎದುರಾದ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಒಟ್ಟು ಹಾಕಿದ್ದೇನೆ. ಸುಲಭದ್ದು ಮೊದಲು, ತಲೆ ಕೆರೆದುಕೊಳ್ಳುವಂಥದ್ದು ಆಮೇಲೆ.

## ಮೊದಲ ಪ್ರಶ್ನೆಗಳು

ನಿಜಕ್ಕೂ ಏನಾಯ್ತು? ಎರಡೇ ಮಾತಲ್ಲಿ ಹೇಳಿ.

2007ರ ಏಪ್ರಿಲ್ 12ರಂದು ಆಪಲ್ ಒಂದು ಪುಟ್ಟ ಹೇಳಿಕೆ ಕೊಟ್ಟಿತು. ತನ್ನ ಕಂಪ್ಯೂಟರ್ ಮ್ಯಾಕ್‌ನ ಹೊಸ ಆಪರೇಟಿಂಗ್ ಸಿಸ್ಟಂ (ಯಂತ್ರವನ್ನು ನಡೆಸುವ ಮೂಲ ಸಾಫ್ಟ್‌ವೇರ್) ಲೆಪರ್ಡ್ ಜೂನ್‌ನಲ್ಲಿ ಬರುವುದಿಲ್ಲ, ಅಕ್ಟೋಬರ್‌ನಲ್ಲಿ ಬರುತ್ತದೆ. ಯಾಕೆಂದರೆ, ಐಫೋನನ್ನು ಹೇಳಿದ ಹೊತ್ತಿಗೆ ಮುಗಿಸಲು ಮ್ಯಾಕ್ ತಂಡದ ಮುಖ್ಯ ಎಂಜಿನಿಯರ್‌ಗಳನ್ನೂ ಟೆಸ್ಟಿಂಗ್ ಮಾಡುವವರನ್ನೂ ಎರವಲು ಪಡೆಯಬೇಕಾಯಿತು. ಐಫೋನ್ ಜೂನ್ 29ಕ್ಕೆ ಮಾರಾಟಕ್ಕೆ ಬಂತು. ಲೆಪರ್ಡ್ ಅಕ್ಟೋಬರ್ 26ಕ್ಕೆ ಬಂತು. ಕಥೆ ಇಷ್ಟೇ.

ಅದೇ ವರ್ಷ ಹೆಸರಿನಿಂದ 'ಕಂಪ್ಯೂಟರ್' ತೆಗೆದರಲ್ಲ, ಅದು ಸುಮ್ನೆ ಪ್ರಚಾರಕ್ಕಾ?

ಅಲ್ಲ. 2007ರ ಜನವರಿ 9ರಂದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಆಪಲ್‌ನ ಆಗಿನ ಮುಖ್ಯಸ್ಥ ಸ್ಟೀವ್ ಜಾಬ್ಸ್ ಐಫೋನ್ ತೋರಿಸಿದರು. ಅದೇ ಭಾಷಣದ ಕೊನೆಯಲ್ಲಿ 'ಆಪಲ್ ಕಂಪ್ಯೂಟರ್' ಇನ್ನು ಬರೀ 'ಆಪಲ್' ಎಂದರು. ಆ ಹೊತ್ತಿಗೆ ಲೆಕ್ಕದ ಪುಸ್ತಕ ಹೆಸರಿಗಿಂತ ಮುಂದೆ ಹೋಗಿಯಾಗಿತ್ತು. 2006ರ ಕೊನೆಯ ಮೂರು ತಿಂಗಳಲ್ಲಿ ಆಪಲ್ ಮಾರಿದ ಮ್ಯಾಕ್‌ಗಳು ಸುಮಾರು 16 ಲಕ್ಷ. ಮಾರಿದ ಐಪಾಡ್‌ಗಳು, ಅಂದರೆ ಹಾಡು ಕೇಳುವ ಪುಟ್ಟ ಸಾಧನಗಳು, ಸುಮಾರು 2 ಕೋಟಿ 10 ಲಕ್ಷ! ಮ್ಯಾಕ್ ಒಂದಕ್ಕೆ ಹದಿಮೂರು ಐಪಾಡ್. ಬದಲಾವಣೆ ನಡೆದು ವರ್ಷಗಳಾದ ಮೇಲೆ ಬೋರ್ಡು ಬದಲಿಸಿದರು, ಅಷ್ಟೇ.

ಲೆಪರ್ಡ್‌ನಲ್ಲಿ ಕಾಯುವಂಥದ್ದು ಅಂತ ಏನಿತ್ತು?

ಟೈಮ್ ಮಷೀನ್ ಇತ್ತು. ಹೊರಗಿನ ಡಿಸ್ಕ್ ಸಿಕ್ಕಿಸಿದರೆ ತಾನೇ ಬ್ಯಾಕಪ್ ತೆಗೆದುಕೊಳ್ಳುವುದು, ಅಳಿಸಿಹೋದ ಕಡತವನ್ನು ಹಿಂದಿನ ದಿನಗಳಿಂದ ಹುಡುಕಿ ತರುವುದು ಅದರ ಕೆಲಸ. ಬ್ಯಾಕಪ್ ಅಂದರೆ 'ನಾಳೆ ಮಾಡೋಣ' ಅನ್ನುವ ನನ್ನಂಥವರಿಗೆ ಅದೊಂದೇ ಸಾಕಿತ್ತು. ಸ್ಪೇಸಸ್, ಕ್ವಿಕ್ ಲುಕ್, ಬೂಟ್ ಕ್ಯಾಂಪ್ ಎಂಬ ಇನ್ನಷ್ಟು ಸೌಲಭ್ಯಗಳೂ ಇದ್ದವು. ಬೆಲೆ 129 ಡಾಲರ್.

ನಾಲ್ಕು ತಿಂಗಳು ತಡ ಅಷ್ಟೇ ಅಲ್ವಾ? ಅದಕ್ಕ್ಯಾಕೆ ಅಷ್ಟು ಗಲಾಟೆ?

ತಡ ಆಗುವುದು ಸಾಫ್ಟ್‌ವೇರ್ ಲೋಕದಲ್ಲಿ ಹೊಸದೇನಲ್ಲ. ಮೈಕ್ರೋಸಾಫ್ಟಿನ ಆಪರೇಟಿಂಗ್ ಸಿಸ್ಟಂ ವಿಸ್ಟಾ ಅದೇ ವರ್ಷದ ಜನವರಿ 30ಕ್ಕೆ ಜನರ ಕೈ ಸೇರಿತು, ಅದೂ ಮತ್ತೆ ಮತ್ತೆ ಮುಂದೂಡಿ. ಅದನ್ನು ಆಡಿಕೊಂಡು ನಕ್ಕವರಲ್ಲಿ ಆಪಲ್‌ನವರೂ ಇದ್ದರು.

ಗಲಾಟೆಯಾಗಿದ್ದು ಕಾರಣದ ಬಗ್ಗೆ. ಸಾಮಾನ್ಯವಾಗಿ ಕಂಪನಿಗಳು 'ಗುಣಮಟ್ಟಕ್ಕಾಗಿ ಇನ್ನಷ್ಟು ಸಮಯ' ಎಂದು ಹೇಳಿ ಜಾರಿಕೊಳ್ಳುತ್ತವೆ. ಆಪಲ್ ಬಾಯಿಬಿಟ್ಟು ಹೇಳಿತು: ನಿಮ್ಮ ಮ್ಯಾಕ್‌ನ ಕೆಲಸದಿಂದ ಜನರನ್ನು ತೆಗೆದು ಫೋನಿಗೆ ಹಾಕಿದ್ದೇವೆ. ನಾನಂತೂ ಈ ಪ್ರಾಮಾಣಿಕತೆಯನ್ನು ಮೆಚ್ಚುತ್ತೇನೆ. ಆದರೆ ವರ್ಷಗಟ್ಟಲೆ ಮ್ಯಾಕನ್ನೇ ನಂಬಿ ಕೂತವರಿಗೆ ಅದು ಹೇಗೆ ಕೇಳಿಸಿರಬೇಡ? ಅವರ ಮನಸ್ಸಿನಲ್ಲಿದ್ದ ಪ್ರಶ್ನೆ ಒಂದೇ. ಎರವಲು ಪಡೆದದ್ದನ್ನು ವಾಪಸ್ ಕೊಡುತ್ತಾರಾ?

## ಒಳಗೆ ನಡೆದದ್ದು

ಅಷ್ಟು ದುಡ್ಡಿರೋ ಕಂಪನಿ ಇನ್ನೂ ನೂರು ಜನರನ್ನ ಕೆಲಸಕ್ಕೆ ತಗೋಬಹುದಿತ್ತಲ್ಲ?

ಎಲ್ಲರೂ ಕೇಳುವ ಪ್ರಶ್ನೆ ಇದು. ದುಡ್ಡಿಗೇನೂ ಬರ ಇರಲಿಲ್ಲ. ಹಿಂದೆ ಹೇಳಿದ ಅದೇ ಮೂರು ತಿಂಗಳಲ್ಲಿ ಆಪಲ್‌ನ ಲಾಭ ಸುಮಾರು 100 ಕೋಟಿ ಡಾಲರ್ ಇತ್ತು.

ಇಲ್ಲದ್ದು ಹೊಸಬರನ್ನು ತಯಾರು ಮಾಡುವಷ್ಟು ಸಮಯ. ಆಪರೇಟಿಂಗ್ ಸಿಸ್ಟಂ ಅನ್ನುವುದು ಹಳೆಯ ದೊಡ್ಡ ಮನೆ ಇದ್ದಂತೆ. ಯಾವ ಗೋಡೆಯೊಳಗೆ ಯಾವ ತಂತಿ ಓಡುತ್ತಿದೆ ಎಂಬುದು ನಕ್ಷೆಯಲ್ಲಿ ಇರುವುದಿಲ್ಲ, ಅಲ್ಲೇ ಇದ್ದು ಹಳಬರಾದ ಕೆಲವರ ತಲೆಯಲ್ಲಿ ಇರುತ್ತದೆ. ಹೊಸಬ ಎಷ್ಟೇ ಜಾಣನಾದರೂ ಅವನಿಗೆ ಹೇಳಿಕೊಡಲು ಆ ಹಳಬರೇ ಕೈಯಲ್ಲಿದ್ದ ಕೆಲಸ ಬಿಟ್ಟು ಕೂರಬೇಕು. ಅಂದರೆ ತಡವಾಗಿರುವ ಕೆಲಸಕ್ಕೆ ಜನ ಸೇರಿಸಿದರೆ ಅದು ಇನ್ನಷ್ಟು ತಡವಾಗುತ್ತದೆ. ಸಾಫ್ಟ್‌ವೇರ್ ಬರೆಯುವವರಿಗೆ ಇದು ಗೊತ್ತಿರುವ ಸಂಗತಿ, ಬಜೆಟ್ ಮಾಡುವವರು ಮಾತ್ರ ಯಾಕೋ ಒಪ್ಪುವುದಿಲ್ಲ.

ಇದರ ಮೇಲೆ ಗುಟ್ಟಿನ ಗೋಜಲು. ಐಫೋನ್ ಸಾಫ್ಟ್‌ವೇರ್ ತಂಡ ಕಟ್ಟಿದ ಸ್ಕಾಟ್ ಫೋರ್ಸ್ಟಾಲ್ 2012ರಲ್ಲಿ, ಸ್ಯಾಮ್‌ಸಂಗ್ ಜೊತೆಗಿನ ಮೊಕದ್ದಮೆಯಲ್ಲಿ ಸಾಕ್ಷಿ ಹೇಳುವಾಗ ಆ ದಿನಗಳನ್ನು ವಿವರಿಸಿದ್ದರು. ಫೋನಿನ ಪರದೆಯ ವಿನ್ಯಾಸಕ್ಕೆ ಕಂಪನಿಯ ಹೊರಗಿನವರನ್ನು ತೆಗೆದುಕೊಳ್ಳಬಾರದು ಎಂದು ಜಾಬ್ಸ್ ಕಟ್ಟಪ್ಪಣೆ ಮಾಡಿದ್ದರು. ಒಳಗಿನವರಲ್ಲಿ ಯಾರನ್ನು ಬೇಕಾದರೂ ಆರಿಸಿಕೊಳ್ಳಬಹುದಿತ್ತು. ಕರೆಯುವಾಗ ಕೆಲಸ ಏನೆಂದು ಹೇಳುವಂತಿರಲಿಲ್ಲ. 'ಏನು ಅಂತ ಹೇಳಲಾರೆ, ಆದರೆ ರಾತ್ರಿಗಳೂ ವಾರಾಂತ್ಯಗಳೂ ಹೋಗುತ್ತವೆ' ಅನ್ನುವ ಧಾಟಿಯ ಕರೆ. ಒಂದು ಮಹಡಿಗೆ ಬೀಗ ಹಾಕಿ, ಬಾಗಿಲಿಗೆ ಕಾರ್ಡ್ ಓದುವ ಯಂತ್ರ ಕೂರಿಸಿದರು. ಯೋಜನೆಯ ಗುಟ್ಟಿನ ಹೆಸರು ಪರ್ಪಲ್, ಆ ಕಟ್ಟಡಕ್ಕೆ ಪರ್ಪಲ್ ಡಾರ್ಮ್ ಎಂದೇ ಹೆಸರು ಬಿತ್ತು.

ಹೊರಗಿನಿಂದ ತರುವಂತಿಲ್ಲ ಅಂದಮೇಲೆ ಒಳಗಿನಿಂದಲೇ ತೆಗೆಯಬೇಕು. ಒಳಗೆ ಒಳ್ಳೆಯವರು ಇದ್ದದ್ದು ಮ್ಯಾಕ್ ತಂಡದಲ್ಲಿ.

ಫೋನಿಗೂ ಮ್ಯಾಕ್‌ಗೂ ಏನು ಸಂಬಂಧ? ಎರಡೂ ಬೇರೆ ಬೇರೆ ಅಲ್ವಾ?

ಹೊರಗಿನಿಂದ ಬೇರೆ, ಒಳಗಿನಿಂದ ಒಂದೇ ಬುಡ. ಐಫೋನ್ ಓಡಿದ್ದು ಮ್ಯಾಕ್ ಓಎಸ್ ಟೆನ್‌ನ (ಲೆಪರ್ಡ್ ಇದರದೇ ಒಂದು ಆವೃತ್ತಿ) ತಿರುಳಿನ ಮೇಲೆ. ಆಪರೇಟಿಂಗ್ ಸಿಸ್ಟಂನ ನಡುಭಾಗವಾದ ಅದೇ ಕರ್ನಲ್, ವೆಬ್ ಪುಟ ತೋರಿಸುವ ಅದೇ ಸಫಾರಿ ಎಂಜಿನ್, ಪರದೆಯ ಮೇಲೆ ಎಲ್ಲವೂ ನುಣ್ಣಗೆ ಜಾರುವಂತೆ ಮಾಡುವ ಅದೇ ಕೋರ್ ಆನಿಮೇಷನ್. ಕೋರ್ ಆನಿಮೇಷನ್ ಲೆಪರ್ಡ್‌ನಲ್ಲೂ ಇತ್ತು, ಫೋನಿನಲ್ಲೂ ಇತ್ತು. ಹಾಗಾಗಿ ಫೋನಿನ ಆಳದಲ್ಲಿ ತೊಂದರೆ ಬಂದರೆ ಬಿಡಿಸಬಲ್ಲವರು ಮ್ಯಾಕ್ ಬಲ್ಲವರೇ.

ಇದರಲ್ಲಿ ನನಗೆ ತುಂಬಾ ಇಷ್ಟವಾದ ತಿರುವೊಂದಿದೆ. ಮ್ಯಾಕ್ ಓಎಸ್ ಟೆನ್ ಹುಟ್ಟಿದ್ದು ನೆಕ್ಸ್ಟ್ ಎಂಬ ಕಂಪನಿಯ ಸಾಫ್ಟ್‌ವೇರಿನಿಂದ. ಜಾಬ್ಸ್ ಆಪಲ್ ಬಿಟ್ಟು ಕಟ್ಟಿದ ಆ ಕಂಪನಿ ಯಂತ್ರಗಳನ್ನು ಮಾರಿ ಸೋತು, 1993ರಲ್ಲಿ ಹಾರ್ಡ್‌ವೇರಿಗೆ ಕೈಮುಗಿದು ಬರೀ ಸಾಫ್ಟ್‌ವೇರಿಗೆ ಬಂದಿತ್ತು. 1996ರ ಡಿಸೆಂಬರ್‌ನಲ್ಲಿ ಆಪಲ್ ಅದನ್ನು ಕೊಳ್ಳುವುದಾಗಿ ಹೇಳಿತು. ಸಾಧನಗಳನ್ನು ಬಿಟ್ಟದ್ದರಿಂದ ಬದುಕಿದ ಸಾಫ್ಟ್‌ವೇರು, ಹತ್ತು ವರ್ಷ ಕಳೆದು ಜಗತ್ತಿನ ಅತಿ ಹೆಸರಾದ ಸಾಧನದ ಹೊಟ್ಟೆಯಲ್ಲಿ ಕೂತಿತು.

ಫೋನನ್ನೇ ನಾಲ್ಕು ತಿಂಗಳು ತಡ ಮಾಡಬಹುದಿತ್ತಲ್ಲ?

ಆಗುತ್ತಿರಲಿಲ್ಲ. ಲೆಪರ್ಡ್ ಒಂದು ಡಿವಿಡಿ. ಯಾವತ್ತು ಮುಗಿಯುತ್ತದೋ ಅವತ್ತು ಅಚ್ಚು ಹಾಕಿಸಬಹುದು. ಫೋನಿನ ಪಾಡು ಬೇರೆ. ಪರದೆ, ಚಿಪ್, ಬ್ಯಾಟರಿಗೆ ತಿಂಗಳುಗಳ ಮೊದಲೇ ಮುಂಗಡ ಕೊಟ್ಟು ಕಾರ್ಖಾನೆಯಲ್ಲಿ ಜಾಗ ಹಿಡಿದಿರಬೇಕು. ಮೊಬೈಲ್ ಜಾಲದವರ ಪರೀಕ್ಷೆಗಳು ಸಾಲಾಗಿ ಕಾಯುತ್ತಿರುತ್ತವೆ. ಅಮೆರಿಕದಲ್ಲಿ ಎಟಿ ಅಂಡ್ ಟಿ ಎಂಬ ಮೊಬೈಲ್ ಕಂಪನಿಯ ಜೊತೆ ಕರಾರು ಆಗಿತ್ತು, ಜೂನ್ ಎಂದು ವೇದಿಕೆ ಮೇಲೆ ಹೇಳಿಯೂ ಆಗಿತ್ತು. ಜೊತೆಗೆ, ಆರು ತಿಂಗಳ ಮೊದಲೇ ತೋರಿಸಿದ ವಸ್ತುವನ್ನು ಇನ್ನಷ್ಟು ತಡ ಮಾಡಿದರೆ ಎದುರಾಳಿಗಳಿಗೆ ಬಿಟ್ಟಿ ಸಮಯ ಕೊಟ್ಟಂತೆ.

ಸಾಧನಕ್ಕೂ ಸಾಫ್ಟ್‌ವೇರಿಗೂ ಜಗಳ ಬಿದ್ದಾಗೆಲ್ಲ ಸಾಧನವೇ ಗೆಲ್ಲುವುದಕ್ಕೆ ಇದು ದೊಡ್ಡ ಕಾರಣ. ಸಾಫ್ಟ್‌ವೇರ್ ಕಾಯಬಲ್ಲದು, ಹಾಗಾಗಿ ಅದನ್ನೇ ಕಾಯಿಸುತ್ತಾರೆ.

ತಡವಾಗಿ ಬಂದರೂ ಲೆಪರ್ಡ್ ಚೆನ್ನಾಗಿತ್ತಾ?

ಮಾರಾಟದಲ್ಲಿ ಚೆನ್ನಾಗೇ ಇತ್ತು, ಮೊದಲ ವಾರಾಂತ್ಯಕ್ಕೇ 20 ಲಕ್ಷ ಪ್ರತಿ ಎಂದು ಆಪಲ್ ಹೇಳಿತು. ಆದರೆ ಮೊದಲ ವಾರಗಳಲ್ಲಿ ಕುಂಟಿತು. ಹೊರಗಿನವರ ಹಳೆಯ ಸಾಫ್ಟ್‌ವೇರೊಂದು ಇದ್ದ ಯಂತ್ರಗಳು ನೀಲಿ ಪರದೆಯಲ್ಲೇ ನಿಂತುಬಿಟ್ಟವು. ಕಡತಗಳನ್ನು ಒಂದು ಡಿಸ್ಕಿನಿಂದ ಇನ್ನೊಂದಕ್ಕೆ ಸಾಗಿಸುವಾಗ ನಡುವೆ ಸಂಪರ್ಕ ತಪ್ಪಿದರೆ ಕಡತಗಳೇ ಮಾಯವಾಗಬಹುದಾದ ದೋಷವಿತ್ತು, ಅದನ್ನು ನವೆಂಬರ್‌ನಲ್ಲಿ ಸರಿಪಡಿಸಿದರು. ಎರಡು ವರ್ಷದ ಬಳಿಕ ಬಂದ ಸ್ನೋ ಲೆಪರ್ಡ್‌ನಲ್ಲಿ ಹೊಸ ಸೌಲಭ್ಯಗಳಿಗಿಂತ ಒಳಗಿನ ರಿಪೇರಿಗೇ ಒತ್ತು. ಹಳೆಯ ಮ್ಯಾಕ್ ಬಳಕೆದಾರರು ಇಂದಿಗೂ ನೆನೆಸಿಕೊಳ್ಳುವುದು ಅದನ್ನೇ.

## ಬಳಸುವವರ ಕಡೆಯಿಂದ

ಹಾಗಾದ್ರೆ ಮ್ಯಾಕ್ ನಂಬಿದವರು ಕೆಟ್ಟರು ಅನ್ನಿ?

ಒಂದೇ ಮಾತಲ್ಲಿ ಹೌದು ಅಥವಾ ಇಲ್ಲ ಅನ್ನಲಾರೆ. ಯಾವ ಕೆಲಸಕ್ಕೆ ಮ್ಯಾಕ್ ಇಟ್ಟುಕೊಂಡಿದ್ದರು ಎಂಬುದರ ಮೇಲೆ ಹೋಗುತ್ತದೆ.

ವೃತ್ತಿಪರರಿಗೆ ಪೆಟ್ಟು ಬಿತ್ತು. ಆಪಲ್‌ನ ಸರ್ವರ್ ಯಂತ್ರ ಎಕ್ಸ್‌ಸರ್ವ್ 2011ರ ಜನವರಿ ಕೊನೆಗೆ ನಿಂತಿತು. ಅದೇ ವರ್ಷ ಜೂನ್‌ನಲ್ಲಿ ಬಂದ ಫೈನಲ್ ಕಟ್ ಪ್ರೋ ಟೆನ್ ನೋಡಿ ವಿಡಿಯೋ ಎಡಿಟರ್‌ಗಳು ಕೂಗಾಡಿದರು, ಹಳೆಯ ಪ್ರಾಜೆಕ್ಟುಗಳೇ ಅದರಲ್ಲಿ ತೆರೆಯುತ್ತಿರಲಿಲ್ಲ. ಫೋಟೋಗ್ರಾಫರ್‌ಗಳ ಸಾಫ್ಟ್‌ವೇರ್ ಅಪರ್ಚರ್ ನಿಲ್ಲುತ್ತದೆ ಎಂದು 2014ರಲ್ಲಿ ಗೊತ್ತಾಯಿತು. ದೊಡ್ಡ ಕೆಲಸದ ಯಂತ್ರವಾದ ಮ್ಯಾಕ್ ಪ್ರೋ 2013ರಲ್ಲಿ ಹೊಸ ರೂಪದಲ್ಲಿ ಬಂದದ್ದು, ಮುಂದಿನದು ಬರುವಾಗ 2019 ಆಗಿತ್ತು. ನಡುವೆ 2017ರಲ್ಲಿ ಆಪಲ್‌ನ ಹಿರಿಯರೇ ಪತ್ರಕರ್ತರನ್ನು ಕರೆದು, ಆ ವಿನ್ಯಾಸದಲ್ಲಿ ತಾವು ಸಿಕ್ಕಿಹಾಕಿಕೊಂಡಿದ್ದನ್ನು ಒಪ್ಪಿಕೊಂಡರು.

ಸಾಮಾನ್ಯ ಬಳಕೆದಾರನಿಗೆ ಇಷ್ಟು ನೋವಾಗಲಿಲ್ಲ. ಲೆಕ್ಕ ನೋಡಿ. 2007ರ ಹಣಕಾಸು ವರ್ಷದಲ್ಲಿ ಆಪಲ್‌ನ ವಹಿವಾಟು ಸುಮಾರು 2,400 ಕೋಟಿ ಡಾಲರ್, ಅದರಲ್ಲಿ ಮ್ಯಾಕ್‌ನದು 1,030 ಕೋಟಿ. 2022ರಲ್ಲಿ ಒಟ್ಟು ವಹಿವಾಟು 39,400 ಕೋಟಿ ದಾಟಿತು, ಮ್ಯಾಕ್‌ನದು 4,000 ಕೋಟಿ ದಾಟಿತು. ಪಾಲು ನೂರಕ್ಕೆ 43ರಿಂದ 10ಕ್ಕೆ ಇಳಿಯಿತು. ದುಡ್ಡು ಮಾತ್ರ ನಾಲ್ಕು ಪಟ್ಟಾಯಿತು. ಮನೆಯಲ್ಲಿ ಹಿರಿಯನ ಮಾತಿಗೆ ತೂಕ ಕಡಿಮೆಯಾಯಿತು, ತಟ್ಟೆ ಮೊದಲಿಗಿಂತ ತುಂಬಿತು.

ಎರವಲಿನ ಬಗ್ಗೆ ಕೇಳಿದ್ದರಲ್ಲ? ಅದು ವಾಪಸ್ ಬಂತು, ಆದರೆ ಬೇರೆ ನಾಣ್ಯದಲ್ಲಿ. 2008ರಲ್ಲಿ ಆಪಲ್ ಪಿ.ಎ. ಸೆಮಿ ಎಂಬ ಚಿಪ್ ಕಂಪನಿಯನ್ನು ಕೊಂಡಿತು. 2010ರಿಂದ ತನ್ನದೇ ಹೆಸರಿನ ಚಿಪ್‌ಗಳನ್ನು ಐಪ್ಯಾಡ್, ಐಫೋನ್‌ಗಳಿಗೆ ಹಾಕುತ್ತಾ ಪಳಗಿತು. 2020ರ ನವೆಂಬರ್‌ನಲ್ಲಿ ಅದೇ ವಂಶದ ಎಂ1 ಚಿಪ್ ಮ್ಯಾಕ್‌ಗೆ ಬಂತು. ಫ್ಯಾನ್ ಇಲ್ಲದ ತೆಳು ಲ್ಯಾಪ್‌ಟಾಪ್ ದೊಡ್ಡ ಯಂತ್ರಗಳನ್ನು ನಾಚಿಸುವಂತೆ ಓಡಿತು. 2007ರಲ್ಲಿ ಹೋದ ಎಂಜಿನಿಯರ್‌ಗಳ ಬದಲಿಗೆ ಹದಿಮೂರು ವರ್ಷದ ಮೇಲೆ ಒಂದು ಚಿಪ್. ನಡುವಿನ ಹದಿಮೂರು ವರ್ಷ ಕಾದವನಿಗೆ ಇದು ಸಮಾಧಾನವೋ ಅಲ್ಲವೋ, ಅವನೇ ಹೇಳಬೇಕು.

ಆಪರೇಟಿಂಗ್ ಸಿಸ್ಟಂ ಬಿಟ್ಟಿ ಆಗಿದ್ದು ಇದರಿಂದಲೇನಾ?

ಬಹುಮಟ್ಟಿಗೆ ಹೌದು. ಬೆಲೆ ಇಳಿದ ದಾರಿ ನೋಡಿದರೇ ಗೊತ್ತಾಗುತ್ತದೆ: 2007ರಲ್ಲಿ ಲೆಪರ್ಡ್‌ಗೆ 129 ಡಾಲರ್, 2009ರಲ್ಲಿ ಸ್ನೋ ಲೆಪರ್ಡ್‌ಗೆ 29, 2012ರಲ್ಲಿ ಮೌಂಟನ್ ಲಯನ್‌ಗೆ 20ರ ಆಸುಪಾಸು, 2013ರಲ್ಲಿ ಮ್ಯಾವರಿಕ್ಸ್ ಪುಕ್ಕಟೆ. ದುಡಿಮೆ ಸಾಧನದಿಂದ ಬರುವಾಗ ಸಾಫ್ಟ್‌ವೇರಿಗೆ ಬೇರೆ ಬೆಲೆ ಕೇಳುವ ಅಗತ್ಯವಿಲ್ಲ.

ಜೇಬಿಗೆ ಒಳ್ಳೆಯದೇ. ಆದರೆ ಬಿಲ್ ಕಟ್ಟುವವನಿಗೆ ಒಂದು ದನಿ ಇತ್ತು, ಈ ಸಲದ್ದು ಚೆನ್ನಾಗಿಲ್ಲ ಅನ್ನಿಸಿದರೆ ಕೊಳ್ಳದೆ ಬಿಡಬಹುದಿತ್ತು. ಈಗ ವರ್ಷಕ್ಕೊಮ್ಮೆ ಹೊಸದು ತಾನಾಗಿಯೇ ಬಂದು ಬಾಗಿಲು ಬಡಿಯುತ್ತದೆ. 2005, 2007, 2009, 2011 ಎಂದು ಎರಡು ವರ್ಷಕ್ಕೊಮ್ಮೆ ಇದ್ದ ನಡಿಗೆ 2012ರಿಂದ ವರ್ಷಕ್ಕೊಮ್ಮೆ ಆಯಿತು, ಫೋನಿನ ತಾಳಕ್ಕೆ ತಕ್ಕಂತೆ.

ಮ್ಯಾಕ್‌ಗೆ ಸಾಫ್ಟ್‌ವೇರ್ ಬರೀತಿದ್ದ ಡೆವಲಪರ್‌ಗಳ ಕಥೆ ಏನಾಯ್ತು?

ಮೊದಲು ಏಟು, ಆಮೇಲೆ ಹಬ್ಬ. 2007ರ ಜೂನ್‌ನ ಡೆವಲಪರ್ ಸಮ್ಮೇಳನದಲ್ಲಿ ಆಪಲ್ ಮ್ಯಾಕ್ ಸಾಫ್ಟ್‌ವೇರ್ ಕಟ್ಟುವ ಕಾರ್ಬನ್ ಎಂಬ ಹಳೆಯ ಅಡಿಪಾಯಕ್ಕೆ 64 ಬಿಟ್ (ಹೆಚ್ಚು ಮೆಮೊರಿ ಬಳಸಬಲ್ಲ) ರೂಪ ಕೊಡುವುದಿಲ್ಲ ಎಂದಿತು. ಮೊದಲು ಕೊಡುತ್ತೇವೆ ಎಂದಿದ್ದವರೇ ಅವರು. ಅದನ್ನು ನಂಬಿದ್ದ, ಫೋಟೋಶಾಪ್ ಮಾಡುವ ಅಡೋಬಿಗೆ ದೊಡ್ಡ ತಲೆನೋವಾಯಿತು. 2008ರ ಫೋಟೋಶಾಪ್ ವಿಂಡೋಸ್‌ನಲ್ಲಿ 64 ಬಿಟ್ ಆಯಿತು, ಮ್ಯಾಕ್‌ನಲ್ಲಿ 2010ರವರೆಗೆ ಕಾಯಬೇಕಾಯಿತು. ಫೋಟೋಶಾಪ್‌ಗೆಂದೇ ಮ್ಯಾಕ್ ಕೊಂಡವರಿಗೆ ಇದು ಹೇಗಿತ್ತು ಎಂದು ಬಿಡಿಸಿ ಹೇಳಬೇಕಿಲ್ಲ.

ಹಬ್ಬ ಶುರುವಾದದ್ದು 2008ರ ಜುಲೈನಲ್ಲಿ ಆಪ್ ಸ್ಟೋರ್ ತೆರೆದಾಗ. ಮ್ಯಾಕ್‌ಗೆ ಬರೆದು ಕೈ ಪಳಗಿದವರಿಗೆ ಫೋನಿನ ಭಾಷೆ ಮೊದಲೇ ಗೊತ್ತಿತ್ತು. ಹಾಗಾಗಿ ಅವರೇ ಮುಂದೆ ಓಡಿದರು, ಮ್ಯಾಕ್ ಹಿಂದೆ ಉಳಿಯಿತು. 2010ರಲ್ಲಿ ಆಪಲ್ ತನ್ನ ವಿನ್ಯಾಸ ಪ್ರಶಸ್ತಿಗಳನ್ನು ಕೊಟ್ಟಾಗ ಪಟ್ಟಿಯಲ್ಲಿ ಐಫೋನ್, ಐಪ್ಯಾಡ್ ಆಪ್‌ಗಳು ಮಾತ್ರ ಇದ್ದವು. ಮ್ಯಾಕ್‌ಗೆ ಒಂದೂ ಇಲ್ಲ!

## ಸ್ವಲ್ಪ ಆಳಕ್ಕೆ

ಮೈಕ್ರೋಸಾಫ್ಟ್ ಕೂಡ ಇದೇ ದಾರಿ ಹಿಡೀತಲ್ಲ, ಅದಕ್ಕ್ಯಾಕೆ ಕೈ ಹತ್ತಲಿಲ್ಲ?

ಹೊರಗಿನಿಂದ ಒಂದೇ ದಾರಿಯಂತೆ ಕಾಣುತ್ತದೆ. ನಿಜಕ್ಕೂ ಆಪಲ್ ಯಾವತ್ತೂ ಬರೀ ಸಾಫ್ಟ್‌ವೇರ್ ಕಂಪನಿ ಆಗಿರಲಿಲ್ಲ. ಅದು ಮಾರುತ್ತಿದ್ದುದು ಪೆಟ್ಟಿಗೆಯನ್ನು, ಸಾಫ್ಟ್‌ವೇರ್ ಆ ಪೆಟ್ಟಿಗೆ ಕೊಳ್ಳಲು ಇದ್ದ ನೆಪ. ಮ್ಯಾಕ್‌ನಿಂದ ಫೋನಿಗೆ ಹೋಗುವುದೆಂದರೆ ದೊಡ್ಡ ಪೆಟ್ಟಿಗೆಯಿಂದ ಸಣ್ಣದಕ್ಕೆ ಹೋದಂತೆ. ಮೈಕ್ರೋಸಾಫ್ಟ್ ವಿಂಡೋಸ್ ಮಾರುತ್ತಿದ್ದುದು ಬೇರೆ ಕಂಪ್ಯೂಟರ್ ತಯಾರಕರಿಗೆ. ಅದು ತಾನೇ ಯಂತ್ರ ಮಾಡಲು ಹೊರಟರೆ ತನ್ನ ಗಿರಾಕಿಗಳ ಎದುರೇ ಅಂಗಡಿ ತೆರೆದಂತೆ.

ತೆರೆದೂ ಬಿಟ್ಟಿತು. ಕಿನ್ ಎಂಬ ಫೋನುಗಳನ್ನು 2010ರಲ್ಲಿ ತಂದು ಎರಡು ತಿಂಗಳೂ ತುಂಬುವ ಮೊದಲೇ ನಿಲ್ಲಿಸಿತು. 2012ರ ಅಕ್ಟೋಬರ್‌ನಲ್ಲಿ ಅದರ ಆಗಿನ ಮುಖ್ಯಸ್ಥ ಸ್ಟೀವ್ ಬಾಲ್ಮರ್ ಷೇರುದಾರರಿಗೆ ಬರೆದ ಪತ್ರದಲ್ಲಿ, ಇನ್ನು ನಮ್ಮದು ಸಾಧನಗಳ ಮತ್ತು ಸೇವೆಗಳ ಕಂಪನಿ ಎಂದರು. ಅದೇ ತಿಂಗಳು ಬಂದ ಸರ್ಫೇಸ್ ಆರ್‌ಟಿ ಎಂಬ ಟ್ಯಾಬ್ಲೆಟ್‌ನಲ್ಲಿ ವಿಂಡೋಸ್‌ನ ಹಳೆಯ ಸಾಫ್ಟ್‌ವೇರ್‌ಗಳೇ ಓಡುತ್ತಿರಲಿಲ್ಲ. ಮಾರಾಟವಾಗದೆ ಉಳಿದ ದಾಸ್ತಾನಿಗಾಗಿ 2013ರಲ್ಲಿ 90 ಕೋಟಿ ಡಾಲರ್ ನಷ್ಟ ಬರೆದುಕೊಳ್ಳಬೇಕಾಯಿತು. ಆಮೇಲೆ 700 ಕೋಟಿಗೂ ಮಿಕ್ಕಿ ಕೊಟ್ಟು ನೋಕಿಯಾದ ಫೋನ್ ವಿಭಾಗ ಕೊಂಡು, 2015ರಲ್ಲಿ 760 ಕೋಟಿ ಡಾಲರನ್ನು ಲೆಕ್ಕದಿಂದ ಹೊಡೆದುಹಾಕಿತು. ಕೊಂಡದ್ದೆಲ್ಲ ಹೆಚ್ಚುಕಡಿಮೆ ಕಳೆದಂತೆಯೇ. ಸತ್ಯ ನಾದೆಲ್ಲಾ ಮುಖ್ಯಸ್ಥರಾಗಿ ಬಂದ ಮೇಲೆ ಕಂಪನಿ ಕ್ಲೌಡ್ ಕಡೆಗೆ ತಿರುಗಿ ಚೇತರಿಸಿಕೊಂಡಿತು, ಸರ್ಫೇಸ್ ಮಾತ್ರ ಚಿಕ್ಕದಾಗಿ ಉಳಿಯಿತು.

ದೊಡ್ಡವರು ಬಿಡಿ. ಸಣ್ಣ ಕಂಪನಿ ಹೀಗೆ ಮಾಡಿದ್ರೆ?

ಬಿ ಎಂಬ ಕಂಪನಿಯ ಕಥೆ ಕೇಳಿ. ಆಪಲ್‌ನಲ್ಲಿದ್ದ ಜಾನ್ ಲೂಯಿ ಗಾಸ್ಸೇ ಕಟ್ಟಿದ್ದು. ಅವರ ಆಪರೇಟಿಂಗ್ ಸಿಸ್ಟಂ ಬಿಓಎಸ್ ತನ್ನ ಕಾಲಕ್ಕೆ ಬೆರಗು ಹುಟ್ಟಿಸುವಷ್ಟು ಚುರುಕಾಗಿತ್ತು. ಒಂದು ಹಂತದಲ್ಲಿ ಆಪಲ್ ಅದನ್ನೇ ಕೊಳ್ಳುವ ಮಾತಾಡಿ, ಕೊನೆಗೆ ನೆಕ್ಸ್ಟ್ ಕಡೆ ಹೋಯಿತು. ವಿಂಡೋಸ್ ಎದುರು ನಿಲ್ಲಲಾಗದೆ 2000ದಲ್ಲಿ ಬಿ ತನ್ನ ಗಮನವನ್ನು ಇಂಟರ್ನೆಟ್ ನೋಡುವ ಪುಟ್ಟ ಸಾಧನಗಳ ಕಡೆ ತಿರುಗಿಸಿತು. ಡೆಸ್ಕ್‌ಟಾಪ್ ಬಿಓಎಸ್ ಪುಕ್ಕಟೆ ಬಿಟ್ಟುಕೊಟ್ಟಿತು. ಬಿ ಇಂಥ ಸಾಧನಗಳಿಗೆಂದು ಮಾಡಿದ ಸಾಫ್ಟ್‌ವೇರನ್ನು ಬಳಸಿದ ಸೋನಿಯ ಇವಿಲ್ಲಾ 2001ರಲ್ಲಿ ಬಂದು ಕೆಲವೇ ತಿಂಗಳಲ್ಲಿ ನಿಂತಿತು. ಅದೇ ವರ್ಷ ಬಿಯ ಆಸ್ತಿಯನ್ನು ಪಾಮ್ ಕಂಪನಿ 1 ಕೋಟಿ 10 ಲಕ್ಷ ಡಾಲರಿಗೆ ಕೊಂಡಿತು.

ಆಪಲ್ ಫೋನ್ ಮಾಡುವಾಗ ಐಪಾಡ್ ದುಡಿದು ಹಾಕುತ್ತಿತ್ತು, ಮ್ಯಾಕ್ ಕೂಡ ಲಾಭದಲ್ಲೇ ಇತ್ತು. ಬಿಗೆ ಬೆನ್ನ ಹಿಂದೆ ಏನೂ ಇರಲಿಲ್ಲ. ಹಳೆಯ ದೋಣಿ ಮುಳುಗುತ್ತಿರುವಾಗ ಹೊಸದಕ್ಕೆ ಹಾರಿತು, ಹೊಸದಕ್ಕೆ ತಳವೇ ಇರಲಿಲ್ಲ.

ನಾನು ನೆಚ್ಚಿಕೊಂಡ ಸಾಫ್ಟ್‌ವೇರ್ ಕಂಪನಿ ಈಗ ಸಾಧನ ಮಾಡೋಕೆ ಹೊರಟಿದೆ. ನಾನು ಏನನ್ನ ಗಮನಿಸಬೇಕು?

'ನಮ್ಮ ಹಳೆಯ ಗ್ರಾಹಕರೇ ನಮಗೆ ಮೊದಲು' ಅನ್ನುವ ಹೇಳಿಕೆಯನ್ನು ಪಕ್ಕಕ್ಕಿಡಿ, ಅದನ್ನು ಎಲ್ಲರೂ ಹೇಳುತ್ತಾರೆ. ಜನ ಎಲ್ಲಿ ಕೂರುತ್ತಿದ್ದಾರೆ ನೋಡಿ. ಆ ಸಾಫ್ಟ್‌ವೇರಿನ ಒಳಹೊರಗು ಬಲ್ಲ ಹಿರಿಯರು ಅದನ್ನು ಬಿಟ್ಟು ಹೊಸ ಸಾಧನದ ಬಗ್ಗೆ ಮಾತಾಡಲು ಶುರು ಮಾಡಿದರೆ, ಅದು ಎಲ್ಲಕ್ಕಿಂತ ಮೊದಲ ಸೂಚನೆ. ದೋಷಗಳ ದೂರಿಗೆ ಉತ್ತರ ಬರುವುದು ನಿಧಾನವಾಗಿದೆಯಾ, ಹೊಸ ಆವೃತ್ತಿಯಲ್ಲಿ ಬಂದದ್ದೆಲ್ಲ ಸಾಧನದ ಜೊತೆ ಬೆಸೆಯುವ ಸೌಲಭ್ಯಗಳೇನಾ ಅಂತಲೂ ನೋಡಿ.

ಇನ್ನೊಂದು ಕೆಲಸ ಇವತ್ತೇ ಮಾಡಿ. ನಿಮ್ಮ ಕಡತಗಳು ಬೇರೆ ಯಾವುದರಲ್ಲಾದರೂ ತೆರೆಯುತ್ತವಾ ಅಂತ ಪರೀಕ್ಷಿಸಿ. ನಾನು ಒಮ್ಮೆ ಟಿಪ್ಪಣಿ ಬರೆಯುವ ಸಾಫ್ಟ್‌ವೇರೊಂದನ್ನು ಆರು ವರ್ಷ ಬಳಸಿದ್ದೆ. ಅದರ ಕಂಪನಿ ಸಾಧನದ ಬೆನ್ನು ಹತ್ತಿ ಹೋಗಿ ಬಾಗಿಲು ಹಾಕಿತು. ಟಿಪ್ಪಣಿಗಳನ್ನು ಹೊರತೆಗೆಯುವ ಬಟನ್ ಇತ್ತು, ಒತ್ತಿದೆ. ಕನ್ನಡ ಅಕ್ಷರಗಳೆಲ್ಲ ಪ್ರಶ್ನಾರ್ಥಕ ಚಿಹ್ನೆಗಳಾಗಿ ಹೊರಬಂದವು. ಬಟನ್ ಇದೆ ಅಂತ ನೆಮ್ಮದಿಯಾಗಿರಬೇಡಿ, ಒಂದು ಸಲ ಒತ್ತಿ ನೋಡಿ.